ಅಳಿಸುವ ವರಗಳು: ಪುರಾಣದ ಒಳಗಿಂದ ಹೆಣ್ಣಿನ ಕಥೆ ಬರೆಯುವುದು

ಮಹಾಭಾರತದ ವನಪರ್ವದಲ್ಲಿ ಜಮದಗ್ನಿ ಮಗನಿಗೆ ವರ ಕೇಳು ಎನ್ನುತ್ತಾನೆ. ತಾಯಿ ರೇಣುಕೆಯ ತಲೆ ಕಡಿದು ಆಗಷ್ಟೇ ಕೊಡಲಿ ಇಳಿಸಿರುವ ಪರಶುರಾಮ ಮೊದಲು ಕೇಳುವುದು ತಾಯಿ ಬದುಕಿ ಬರಲಿ ಎಂದು. ಇದು ಎಲ್ಲರಿಗೂ ಗೊತ್ತು. ಅದರ ಬೆನ್ನಿಗೇ ಇನ್ನೊಂದು ಬೇಡಿಕೆ ಇದೆ, ಹೆಚ್ಚಿನವರ ಕಿವಿಗೆ ಅದು ಬಿದ್ದಿರುವುದಿಲ್ಲ: ತನ್ನನ್ನು ಕೊಂದದ್ದು ಅವಳಿಗೆ ನೆನಪಿರಬಾರದು. ಆಮೇಲೆ ತನಗೆ ಪಾಪ ತಟ್ಟಬಾರದು, ಶಾಪ ತಿಂದ ಅಣ್ಣಂದಿರು ಮೊದಲಿನಂತಾಗಬೇಕು, ಯುದ್ಧದಲ್ಲಿ ತನಗೆ ಸಾಟಿ ಇರಬಾರದು, ದೀರ್ಘಾಯುಷ್ಯ ಬೇಕು. ಜಮದಗ್ನಿ ಎಲ್ಲಕ್ಕೂ ಹೂಂ ಎನ್ನುತ್ತಾನೆ, ಕಥೆ ಕಾರ್ತವೀರ್ಯನ ಕಡೆಗೆ ಹೊರಟುಹೋಗುತ್ತದೆ.

ಪುರಾಣ ಇಟ್ಟುಕೊಂಡು ಸ್ತ್ರೀವಾದಿ ಕಥೆ ಬರೆಯಬೇಕೆಂದಿರುವವರು ಮೊದಲು ನೋಡಬೇಕಾದದ್ದು ಆ ಮರೆವಿನ ವರವನ್ನು ಎಂದು ನನ್ನ ಗಟ್ಟಿ ನಂಬಿಕೆ. ಕೊಡಲಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಏಟಿನ ಗುರುತನ್ನು ಒರೆಸಿಹಾಕುವ ಏರ್ಪಾಡು ಕಣ್ಣಿಗೆ ಬೀಳುವುದಿಲ್ಲ, ಗಂಡಾಳಿಕೆ ಸಾವಿರಾರು ವರ್ಷ ನಿಂತದ್ದು ಆ ಏರ್ಪಾಡಿನ ಬಲದಿಂದ. ವರ, ಶಾಪ, ಆಣೆ, ಉಂಗುರ, ಮತ್ತೆ ಮತ್ತೆ ಮರಳುವ ಕನ್ಯತ್ವ, ಇವೆಲ್ಲ ಅದರ ಬಿಡಿಭಾಗಗಳು. ಇವುಗಳಲ್ಲಿ ಒಂದನ್ನು ಬಿಗಿಯಾಗಿ ಹಿಡಿದುಕೊಂಡರೆ ಕಥೆ ತಾನಾಗಿ ನಡೆಯುತ್ತದೆ. ಇದನ್ನು ಬಿಟ್ಟು ನಾಯಕಿಯ ಬಾಯಿಗೆ ಭಾಷಣ ಕೊಟ್ಟರೆ, ಎಷ್ಟೇ ಚೆಂದ ಬರೆದರೂ ಅದು ವೇಷ ಹಾಕಿದ ಲೇಖನವಾಗಿಬಿಡುತ್ತದೆ. ಈಗ ಬರುತ್ತಿರುವ ಮರುಕಥನಗಳಲ್ಲಿ ಬಹಳಷ್ಟು ಸೋಲುವುದು ಇಲ್ಲೇ.

ಮಾಧವಿಯ ಕಥೆಯನ್ನು ತೆಗೆದುಕೊಂಡು ಇದನ್ನು ಪೂರ್ತಿ ಮಾಡಿ ನೋಡೋಣ. ಕಥೆ ಉದ್ಯೋಗಪರ್ವದಲ್ಲಿದೆ, ಭಂಡಾರ್ಕರ್ ಸಂಸ್ಥೆಯ ಪರಿಷ್ಕೃತ ಪಾಠದಲ್ಲಿ 104ರಿಂದ 121ರವರೆಗಿನ ಅಧ್ಯಾಯಗಳು. ಸಂಗ್ರಹ ಮಹಾಭಾರತಗಳು ಮೊದಲು ಕೈಬಿಡುವುದು ಇಂಥ ಉಪಾಖ್ಯಾನಗಳನ್ನೇ, ಆದ್ದರಿಂದ ಪೂರ್ಣ ಅನುವಾದ ಹಿಡಿದುಕೊಂಡೇ ಕೂರಬೇಕು. ನಾರದ ಇದನ್ನು ದುರ್ಯೋಧನನಿಗೆ ಹೇಳುತ್ತಾನೆ, ಹಟ ಕೆಟ್ಟದ್ದು ಎಂದು ಬುದ್ಧಿ ಹೇಳಲಿಕ್ಕೆ. ಹಟ ಮಾಡಿದವನು ಗಾಲವ. ಗುರುದಕ್ಷಿಣೆ ಬೇಡವೆಂದರೂ ಬಿಡದೆ ಪೀಡಿಸಿದ್ದಕ್ಕೆ ಸಿಟ್ಟಾದ ವಿಶ್ವಾಮಿತ್ರ, ಬೆಳದಿಂಗಳ ಬಣ್ಣದ, ಒಂದು ಕಿವಿ ಮಾತ್ರ ಕಪ್ಪಾಗಿರುವ 800 ಕುದುರೆ ತಂದುಕೊಡು ಎನ್ನುತ್ತಾನೆ. ಗಾಲವ ಯಯಾತಿಯ ಬಾಗಿಲಿಗೆ ಬರುತ್ತಾನೆ. ಯಯಾತಿಯ ಐಶ್ವರ್ಯ ಕರಗಿದೆ, ಅಂಥ ಕುದುರೆಗಳೂ ಇಲ್ಲ, ಆದರೆ ಬೇಡಿಬಂದವನನ್ನು ಬರಿಗೈಯಲ್ಲಿ ಕಳಿಸಿದರೆ ಹೆಸರು ಹೋಗುತ್ತದೆ. ಮಗಳು ಮಾಧವಿಯನ್ನು ಕೊಡುತ್ತಾನೆ.

ಇಲ್ಲಿ ಕಣ್ಣೀರಿಗೆ ಕೈಹಾಕುವ ಮೊದಲು ಒಂದು ಹಾಳೆಯಲ್ಲಿ ಜಮಾಖರ್ಚು ಬರೆಯಿರಿ. ಅಯೋಧ್ಯೆಯ ಹರ್ಯಶ್ವ 200 ಕುದುರೆ ಕೊಟ್ಟ, ಪಡೆದದ್ದು ಮಗ ವಸುಮನಸ್ಸು. ಕಾಶಿಯ ದಿವೋದಾಸ 200 ಕೊಟ್ಟ, ಮಗ ಪ್ರತರ್ದನ. ಭೋಜನಗರದ ಉಶೀನರ 200 ಕೊಟ್ಟ, ಮಗ ಶಿಬಿ. ಅಲ್ಲಿಗೆ 600. ಉಳಿದ 200ರ ಲೆಕ್ಕಕ್ಕೆ ಮಾಧವಿಯನ್ನೇ ವಿಶ್ವಾಮಿತ್ರನಿಗೆ ಒಪ್ಪಿಸಲಾಯಿತು, ಮಗ ಅಷ್ಟಕ. ಅವಳನ್ನು ಕಂಡ ವಿಶ್ವಾಮಿತ್ರ ಗಾಲವನನ್ನು ಕೇಳುವುದು, ಮೊದಲೇ ಇವಳನ್ನು ನನಗೇ ಯಾಕೆ ಕೊಡಲಿಲ್ಲ, ನಾಲ್ಕು ಮಕ್ಕಳೂ ನನ್ನವೇ ಆಗುತ್ತಿದ್ದವಲ್ಲ ಎಂದು. ಯಯಾತಿಯ ಕಾಲಮ್ಮೂ ಖಾಲಿಯಿಲ್ಲ. ಮಗಳನ್ನು ಕೊಡುವಾಗಲೇ ತನಗೆ ದೌಹಿತ್ರರಾಗಲಿ ಎಂದು ಬೇಡಿಕೆ ಇಟ್ಟಿದ್ದಾನೆ. ಮುಂದೆ ಗರ್ವದಿಂದ ಸ್ವರ್ಗದಿಂದ ಜಾರಿ ನೈಮಿಷದಲ್ಲಿ ಬಿದ್ದಾಗ, ಅಲ್ಲಿ ವಾಜಪೇಯ ಮಾಡುತ್ತಿದ್ದ ಅದೇ ನಾಲ್ವರು ಮೊಮ್ಮಕ್ಕಳು ತಮ್ಮ ಪುಣ್ಯ ಕೊಟ್ಟು ಅವನನ್ನು ಮೇಲೆತ್ತುತ್ತಾರೆ. ಮಾಧವಿ ತನ್ನ ಪುಣ್ಯದಲ್ಲಿ ಅರ್ಧ ಕೊಡುತ್ತಾಳೆ, ಗಾಲವ ತನ್ನ ತಪಸ್ಸಿನ ಎಂಟನೆಯ ಒಂದು ಭಾಗ. ಅರ್ಧ ಮತ್ತು ಎಂಟನೆಯ ಒಂದು, ಈ ಎರಡು ಅಂಕೆಗಳನ್ನು ಅಕ್ಕಪಕ್ಕ ಬರೆದು ನೋಡಿ. ಹಾಳೆಯಲ್ಲಿ ಎಲ್ಲರ ಜಮಾ ಕಾಲಮ್ಮು ತುಂಬಿರುತ್ತದೆ, ಮಾಧವಿಯದೊಂದನ್ನು ಬಿಟ್ಟು. ಈ ಖಾಲಿ ಕಾಲಮ್ಮಿನಲ್ಲಿ ನಿಮ್ಮ ಕಥೆ ಇದೆ.

ಕುದುರೆಗಳದೂ ಒಂದು ಪೂರ್ವಕಥೆ ಇದೆ, ಅದನ್ನು ಬಿಟ್ಟರೆ ಅರ್ಧ ಬೆಳೆ ಹೊಲದಲ್ಲೇ ಉಳಿದಂತೆ. 600ಕ್ಕೇ ಯಾಕೆ ನಿಂತಿತು ಎನ್ನುವುದನ್ನು ಗರುಡ ಗಾಲವನಿಗೆ ವಿವರಿಸುತ್ತಾನೆ. ಕನ್ಯಾಕುಬ್ಜದ ಗಾಧಿರಾಜ ಮಗಳು ಸತ್ಯವತಿಯನ್ನು ಋಚೀಕನಿಗೆ ಕೊಡುವಾಗ ತೆರ, ಅಂದರೆ ಹೆಣ್ಣಿನ ಬೆಲೆ, ಎಂದು ಕೇಳಿದ್ದು ಇಂಥ 1000 ಕುದುರೆ. ಋಚೀಕ ವರುಣನಿಂದ ಪಡೆದು ತಂದುಕೊಟ್ಟ. ಗಾಧಿ ಯಜ್ಞ ಮಾಡಿ ಅವನ್ನು ಬ್ರಾಹ್ಮಣರಿಗೆ ದಾನ ಕೊಟ್ಟ, ಅವರಿಂದ ಮೂವರು ರಾಜರು 200, 200, 200 ಕೊಂಡರು, ಉಳಿದ 400 ದಾಟಿಸುವಾಗ ವಿತಸ್ತಾ ನದಿಯ ಪಾಲಾದವು. ಈಗ ಗಾಧಿಯ ಮಗ ಯಾರು? ವಿಶ್ವಾಮಿತ್ರ. ಅಕ್ಕನ ಮದುವೆಗೆ ಅಪ್ಪ ಎಣಿಸಿಕೊಂಡ ತೆರ, ಇನ್ನೊಬ್ಬ ಹೆಣ್ಣಿನ ಮೂರು ಬಾಣಂತನಗಳ ಮೂಲಕ ತಮ್ಮನ ಲಾಯಕ್ಕೆ ವಾಪಸು ಬರುತ್ತಿದೆ. ಸತ್ಯವತಿಯ ಮಗ ಯಾರು? ಜಮದಗ್ನಿ. ಅಂದರೆ ರೇಣುಕೆ ಆ ಕುದುರೆಗಳ ತೆರಕ್ಕೆ ಬಂದವಳ ಸೊಸೆ. ಮೂವರು ಹೆಂಗಸರು ಒಂದೇ ಮಂದೆಯ ಹಿಂದೆ ನಡೆದಿದ್ದಾರೆ, ಪರಸ್ಪರ ಮುಖ ನೋಡದೆ. ಇದನ್ನು ಯಾವ ಆಧುನಿಕ ಕಲ್ಪನೆಯೂ ಸೇರಿಸಿದ್ದಲ್ಲ. ಪಠ್ಯದಲ್ಲೇ ಇದೆ, ಬೇರೆ ಬೇರೆ ಪರ್ವಗಳಲ್ಲಿ ಚೆದುರಿ ಕೂತಿದೆ.

ಎರಡನೆಯ ಕೆಲಸ, ಮಾತು ಎಣಿಸುವುದು. ಮಾಧವಿ ಈ ಕಥೆಯಲ್ಲಿ ಬಾಯಿಬಿಡುವ ಎರಡು ಜಾಗ ಮುಖ್ಯ. ಮೊದಲನೆಯದು ಹರ್ಯಶ್ವನ ಬಳಿ 200 ಮಾತ್ರ ಇದೆ ಎಂದು ಗೊತ್ತಾದಾಗ. ಬ್ರಹ್ಮವಾದಿಯೊಬ್ಬ ತನಗೆ ವರ ಕೊಟ್ಟಿದ್ದಾನೆ, ಪ್ರತಿ ಹೆರಿಗೆಯ ನಂತರ ಮತ್ತೆ ಕನ್ಯೆಯಾಗುತ್ತೇನೆ, ನಾಲ್ಕು ರಾಜರಿಗೆ ನನ್ನನ್ನು ಕೊಟ್ಟು 800 ಪೂರ್ತಿ ಮಾಡಿಕೋ ಎಂದು ಅವಳೇ ಗಾಲವನಿಗೆ ಹೇಳುತ್ತಾಳೆ. ಎರಡನೆಯದು ಕೊನೆಯಲ್ಲಿ, ಕಾಡಿನಲ್ಲಿ ಜಿಂಕೆಯಂತೆ ಬದುಕುತ್ತಿರುವ ನಿನ್ನ ಮಗಳು ನಾನು, ನನ್ನ ಪುಣ್ಯದ ಅರ್ಧ ತಗೋ ಎಂದು ಅಪ್ಪನಿಗೆ. ಎರಡೂ ಕೊಡುವ ಮಾತುಗಳೇ. ನಡುವೆ ನಾಲ್ಕು ಬಸಿರು, ನಾಲ್ಕು ಹೆರಿಗೆ, ನಾಲ್ಕು ಕೂಸುಗಳನ್ನು ಬಿಟ್ಟು ಹೊರಡುವುದು, ಅವಳಿಂದ ಒಂದು ಮಾತಿಲ್ಲ. ಗಂಗೆ ಯಮುನೆ ಕೂಡುವ ಕಡೆ ಯಯಾತಿ ಸ್ವಯಂವರ ಏರ್ಪಡಿಸಿದಾಗ, ಪೂರು ಮತ್ತು ಯದು ಅವಳನ್ನು ರಥದಲ್ಲಿ ಕರೆತಂದಾಗ, ನೆರೆದ ವರರನ್ನೆಲ್ಲ ದಾಟಿ ಅವಳು ಕಾಡನ್ನು ವರಿಸುತ್ತಾಳೆ. ಅದೂ ಮಾತಿಲ್ಲದೆ.

ಹೊಸಬರು ಇಲ್ಲಿ ಎಡವುವುದು ಹೀಗೆ: ಆ ಮೊದಲ ಸಲಹೆ ಅವಳ ಬಾಯಲ್ಲಿ ಬಂದಿರುವುದು ಇರುಸುಮುರುಸು ಮಾಡುತ್ತದೆ ಎಂದು ಅದನ್ನು ಗಾಲವನ ಬಾಯಿಗೆ ಸಾಗಿಸಿಬಿಡುತ್ತಾರೆ. ಆಗ ಕಥೆ ಸಲೀಸಾಗುತ್ತದೆ, ಸತ್ತೂ ಹೋಗುತ್ತದೆ. ಅವಳೇ ಹೇಳಿದಳು ಎನ್ನುವುದು ಈ ಕಥೆಯ ಅತ್ಯಂತ ಭಯಂಕರ ಜಾಗ. ಮದುವೆ, ವರದಕ್ಷಿಣೆ, ಆಸ್ತಿ ಬಿಟ್ಟುಕೊಡುವ ಕಾಗದ, ಇವೆಲ್ಲದರಲ್ಲೂ ಈಗಲೂ ಕೇಳುವ ಮಾತು ಅದೇ: ಅವಳೇ ಒಪ್ಪಿದ್ದಲ್ಲವೆ? ಆ ಸಲಹೆಯನ್ನು ಅವಳ ಬಾಯಲ್ಲೇ ಉಳಿಸಿ, ಅಲ್ಲಿಗೆ ಅವಳು ಹೇಗೆ ಬಂದಳು ಎನ್ನುವುದನ್ನು ಬರೆಯಬೇಕು. ಹರ್ಯಶ್ವ ಅವಳ ಮೈಯನ್ನು ಎಣಿಸಿದ್ದು ಆ ಮಾತಿಗೆ ಸ್ವಲ್ಪವೇ ಮೊದಲು: ಎತ್ತರವಿರಬೇಕಾದ ಆರು ಕಡೆ ಎತ್ತರ, ಸಣ್ಣಗಿರಬೇಕಾದ ಏಳು ಕಡೆ ಸಣ್ಣ, ಮೂರು ಕಡೆ ಆಳ, ಐದು ಕಡೆ ಕೆಂಪು. ಇಷ್ಟು ಕೇಳಿಸಿಕೊಂಡ ಹೆಣ್ಣು ತನ್ನ ಬೆಲೆಯನ್ನು ತಾನೇ ಹಂಚಿ ಹೇಳುವ ಹಂತಕ್ಕೆ ಬಂದದ್ದು ಹೇಗೆ ಎನ್ನುವುದಕ್ಕೆ ಎರಡು ಪುಟ ಕೊಡಿ.

ಮೂರನೆಯದು, ವರದ ಮೇರೆಯನ್ನು ಬರೆಯುವ ಮೊದಲೇ ಗುರುತುಮಾಡಿಕೊಳ್ಳಿ. ಮತ್ತೆ ಕನ್ಯೆಯಾಗುತ್ತಾಳೆ ಎಂದರೆ ಏನೇನು ಹಿಂದಕ್ಕೆ ಹೋಗುತ್ತದೆ? ಹೊಟ್ಟೆಯ ಮೇಲಿನ ಗೆರೆಗಳು? ಎದೆಹಾಲು? ಹೋದರೆ ಕೂಸಿಗೆ ಯಾರ ಹಾಲು? ಬಾಣಂತಿಯ ಸೊಂಟನೋವು? ನೆನಪು? ಇದನ್ನು ನಿರ್ಧರಿಸದೆ ಹೊರಟವರ ಕಥೆಯಲ್ಲಿ ಮೂರನೆಯ ಪುಟದಲ್ಲಿ ಅವಳಿಗೆ ಹಾಲು ಉಕ್ಕುತ್ತದೆ, ಏಳನೆಯ ಪುಟದಲ್ಲಿ ಅವಳು ಏನೂ ಆಗದವಳಂತೆ ಇನ್ನೊಂದು ಅರಮನೆಗೆ ಹೋಗುತ್ತಾಳೆ. ಓದುಗರು ಅದನ್ನು ಬಾಯಿಬಿಟ್ಟು ಹೇಳದಿದ್ದರೂ ನಂಬಿಕೆ ಅಲ್ಲೇ ಸಡಿಲಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ವರ ಒಂದೇ ಒಂದು ವಿಷಯದಲ್ಲಿ ಸೋಲಬೇಕು, ಒಂದಕ್ಕಿಂತ ಹೆಚ್ಚಿನದರಲ್ಲಿ ಬೇಡ. ಮೈ ಪೂರ್ತಿ ಅಳಿಸಿಹೋಗಲಿ, ಹಾಲು ಮಾತ್ರ ಬತ್ತದಿರಲಿ. ಅಥವಾ ಹಾಲೂ ಬತ್ತಲಿ, ಪ್ರತಿ ಕೂಸಿನ ಅಳುವಿನ ವ್ಯತ್ಯಾಸ ಕಿವಿಯಲ್ಲಿ ಉಳಿಯಲಿ. ಅಳಿಸುವ ಏರ್ಪಾಡಿಗೆ ಸಿಗದ ಒಂದು ಎಳೆ ಸಾಕು.

ಕನ್ನಡದಲ್ಲಿ ಈ ವಸ್ತುವನ್ನು ಕಾದಂಬರಿ ಮಾಡಿದವರು ಅನುಪಮಾ ನಿರಂಜನ, 1970ರ ದಶಕದಲ್ಲಿ, 'ಮಾಧವಿ' ಎಂಬ ಹೆಸರಿನಲ್ಲೇ. ಅವರು ವೃತ್ತಿಯಿಂದ ವೈದ್ಯೆ, ಬಸಿರು ಬಾಣಂತನಗಳ ಬಗ್ಗೆ ಸಾಮಾನ್ಯ ಹೆಣ್ಣುಮಕ್ಕಳಿಗಾಗಿ ಪುಸ್ತಕ ಬರೆದವರು. ಹೆರಿಗೆಯನ್ನು ಬಲ್ಲ ಕೈ ಈ ಕಥೆಯನ್ನು ಆರಿಸಿಕೊಂಡದ್ದು ಆಕಸ್ಮಿಕ ಎಂದು ನನಗೆ ಅನ್ನಿಸುವುದಿಲ್ಲ. ಹಿಂದಿಯಲ್ಲಿ ಭೀಷ್ಮ ಸಾಹನಿ 1980ರ ದಶಕದಲ್ಲಿ ಇದೇ ಹೆಸರಿನ ನಾಟಕ ಬರೆದರು. ಅಲ್ಲಿ ಕೊನೆಗೆ ಮಾಧವಿ ವರವನ್ನು ಬಳಸುವುದಿಲ್ಲ. ಹೆತ್ತು ದಣಿದ ಮೈಯಲ್ಲೇ ಗಾಲವನ ಮುಂದೆ ನಿಲ್ಲುತ್ತಾಳೆ, ಪ್ರೀತಿಸುತ್ತೇನೆ ಎನ್ನುತ್ತಿದ್ದವನು ಹಿಂಜರಿಯುತ್ತಾನೆ. ಒಂದು ವರವನ್ನು ಬಳಸದಿರುವುದೇ ಇಡೀ ನಾಟಕದ ಪ್ರತಿಭಟನೆ. ಕತ್ತಿಯಿಲ್ಲ, ಶಾಪವಿಲ್ಲ, ಕಥೆಯ ಬಿಡಿಭಾಗವೊಂದನ್ನು ಬಿಚ್ಚಿ ಪಕ್ಕಕ್ಕಿಟ್ಟರು ಅಷ್ಟೇ, ಇಡೀ ಯಂತ್ರ ನಿಂತಿತು.

ಈಗ ವಾಕ್ಯದ ಮಟ್ಟಕ್ಕೆ ಇಳಿಯೋಣ. ಇಂಥ ಕಥೆಗಳಲ್ಲಿ ಸಾಮಾನ್ಯವಾಗಿ ಸಿಗುವ ಸಾಲು ಹೀಗಿರುತ್ತದೆ:

"ಹೆಣ್ಣು ನಿಮ್ಮ ಆಸ್ತಿಯಲ್ಲ! ನನಗೂ ಹಕ್ಕುಗಳಿವೆ, ನನಗೂ ಕನಸುಗಳಿವೆ!" ಮಾಧವಿ ತುಂಬಿದ ಸಭೆಯಲ್ಲಿ ಗರ್ಜಿಸಿದಳು.

ಮಾತು ನಿಜ. ಕಥೆಯಾಗಿ ಇದು ಕೆಲಸ ಮಾಡುವುದಿಲ್ಲ, ಯಾಕೆಂದರೆ ಓದುವವರು ಮೊದಲೇ ಒಪ್ಪಿದ್ದಾರೆ, ಕೇಳುವ ರಾಜನಿಗೆ ಈ ಮಾತು ಅರ್ಥವೇ ಆಗುವುದಿಲ್ಲ. ಎರಡು ಕಾಲಗಳ ನಡುವೆ ಯಾರಿಗೂ ತಾಗದೆ ನೇತಾಡುವ ಮಾತು. ಅದೇ ಜಾಗವನ್ನು ಕಥೆಯ ವಸ್ತುಗಳಿಂದಲೇ ಹೀಗೆ ಬರೆಯಬಹುದು:

ಲಾಯದ ಮುದುಕ ಹೆಣ್ಣುಕುದುರೆಯ ಹೊಟ್ಟೆಯಡಿ ಕೈ ಆಡಿಸಿ, "ಇದು ಮೂರು ಸಲ ಮರಿ ಹಾಕಿದೆ" ಎಂದ.
"ಹೇಗೆ ಗೊತ್ತಾಯಿತು?"
"ಮುಟ್ಟಿದರೆ ಗೊತ್ತಾಗುತ್ತೆ ತಾಯಿ. ಎಷ್ಟು ಮೇವು ಹಾಕಿ ಮೈ ತುಂಬಿಸಿದರೂ ಹೊಟ್ಟೆ ಸುಳ್ಳು ಹೇಳೋದಿಲ್ಲ."
ಮಾಧವಿ ಸೆರಗಿನೊಳಗೆ ತನ್ನ ಹೊಟ್ಟೆ ಮುಟ್ಟಿ ನೋಡಿಕೊಂಡಳು. ಗಟ್ಟಿಯಾಗಿತ್ತು. ಮೂರು ಮಕ್ಕಳಲ್ಲಿ ಒಬ್ಬನೂ ಅಲ್ಲಿ ಇದ್ದಿರಲಿಲ್ಲ.

ಇಲ್ಲಿ ಹಕ್ಕು ಎಂಬ ಪದವಿಲ್ಲ. ಕುದುರೆಗೆ ಉಳಿದಿರುವ ಗುರುತು ಅವಳಿಗೆ ಉಳಿದಿಲ್ಲ ಎನ್ನುವುದು ಸಾಕಾಗುತ್ತದೆ. ಬರೆಯುವಾಗ ನನ್ನ ನಿಯಮ ಸರಳ: ಸಮಾಜ, ಶೋಷಣೆ, ಅಸ್ಮಿತೆ, ಸ್ವಾತಂತ್ರ್ಯ, ಇವು ಪಾತ್ರಗಳ ಬಾಯಲ್ಲಿ ಬಂದ ಕಡೆಯೆಲ್ಲ ಗೆರೆ ಎಳೆದು, ಅದರ ಬದಲು ಋಣ, ತೆರ, ಭಾಷೆ, ಎಣಿಕೆ, ಹಾಲು, ಲಾಯ ಇಂಥ ಪದಗಳಿಂದ ಅದೇ ಕೆಲಸ ಆಗುತ್ತದೆಯೇ ನೋಡುವುದು. ಇನ್ನೊಂದು ತುದಿಯ ಕಾಯಿಲೆಯೂ ಇದೆ, "ಆರ್ಯಪುತ್ರಾ, ಇದೇನು ವಿಧಿವಿಲಾಸ" ಎಂಬ ಟೀವಿ ಧಾರಾವಾಹಿ ಸಂಸ್ಕೃತ. ಅದು ಹೆಂಗಸರನ್ನೆಲ್ಲ ಕ್ಯಾಲೆಂಡರ್ ಚಿತ್ರವಾಗಿ ಮಾಡುತ್ತದೆ. ನಿಮ್ಮೂರಿನ ಅಜ್ಜಿ ಇದೇ ಕಥೆ ಹೇಳಿದ್ದರೆ ರಾಣಿಯ ಬಾಯಲ್ಲಿ ಯಾವ ಕನ್ನಡ ಹಾಕುತ್ತಿದ್ದರೋ ಅದನ್ನೇ ಹಾಕಿ. ಧಾರವಾಡದ ಮಾಧವಿ, ಕುಂದಾಪುರದ ಮಾಧವಿ ಎರಡೂ ನಡೆಯುತ್ತದೆ.

ಸಣ್ಣಕಥೆಯಾದರೆ ನಾಲ್ಕು ಅರಮನೆಗಳನ್ನೂ ಸಮಸಮವಾಗಿ ಬರೆಯಬೇಡಿ. ಮೂರನೆಯದಕ್ಕೆ ಬರುವಾಗ ಓದುಗರಿಗೆ ಮುಂದಿನದು ಗೊತ್ತಿರುತ್ತದೆ. ಒಂದು ಅರಮನೆಯನ್ನು ಒಳಹೊಕ್ಕು ಬರೆದು, ಉಳಿದದ್ದನ್ನು ಲೆಕ್ಕದ ಸಾಲುಗಳಾಗಿ ಬಿಡಿ. ಯಾರ ಕಣ್ಣಿಂದ ಹೇಳುವುದು ಎನ್ನುವುದು ಮುಖ್ಯ. ಮಾಧವಿಯೇ 'ನಾನು' ಎಂದು ಹೇಳಿಕೊಂಡರೆ ಅವಳಿಗೆ ಮೊದಲ ಪುಟದಲ್ಲೇ ಎಲ್ಲ ತಿಳಿದುಬಿಟ್ಟಿರುತ್ತದೆ, ಕಥೆ ಅಳಲು ತೋಡಿಕೊಳ್ಳುವುದಕ್ಕೆ ಇಳಿಯುತ್ತದೆ. ಅವಳು ಬಿಟ್ಟುಹೋದ ಕೂಸಿಗೆ ಹಾಲೂಡಿಸುವ ದಾಸಿಯ ಕಣ್ಣಿಂದ ಹೇಳಿದರೆ, ಕೊಡುವ ಹೆಂಗಸು ಮತ್ತು ದುಡಿಯುವ ಹೆಂಗಸು ಇಬ್ಬರೂ ಒಟ್ಟಿಗೆ ಕಾಣುತ್ತಾರೆ. ದಾಸಿಗೆ ಆ ವರ ಇಲ್ಲ, ಅವಳ ಹೊಟ್ಟೆಯ ಗೆರೆ ಅಳಿಯುವುದಿಲ್ಲ.

ಈ ಮಾತು ರೇಣುಕೆಯ ಕಡೆಗೆ ಕರೆದುಕೊಂಡು ಹೋಗುತ್ತದೆ. ಉತ್ತರ ಕರ್ನಾಟಕದಲ್ಲಿ ರೇಣುಕೆಯ ಕಥೆ ಬರೆಯುವವರು ಬರೀ ವನಪರ್ವ ಓದಿ ಹೊರಡುವಂತಿಲ್ಲ. ಸವದತ್ತಿಯ ಗುಡ್ಡದಲ್ಲಿ ಅವಳು ಎಲ್ಲಮ್ಮ. ಮರಳಿನ ಕೊಡ, ಹಾವಿನ ಸಿಂಬಿ ಅಲ್ಲಿಯ ಹಾಡುಗಳಲ್ಲಿ ಜೀವಂತ. ರಂಡಿ ಹುಣ್ಣಿಮೆಗೆ ಜೋಗತಿಯರು ಬಳೆ ಒಡೆದುಕೊಳ್ಳುತ್ತಾರೆ, ಮುತ್ತೈದೆ ಹುಣ್ಣಿಮೆಗೆ ಮತ್ತೆ ತೊಡುತ್ತಾರೆ: ದೇವಿಯ ವೈಧವ್ಯ ಪ್ರತಿವರ್ಷ ಬಂದು ಹೋಗುತ್ತದೆ. ಇದೇ ದೇವಿಯ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಮಾಡಿದ್ದಾರೆ, ಅವರಲ್ಲಿ ಬಹುಪಾಲು ದಲಿತ ಮನೆಗಳ ಮಕ್ಕಳು. ಅದನ್ನು ನಿಷೇಧಿಸುವ ಕಾಯ್ದೆಯನ್ನು ಕರ್ನಾಟಕ ಮಾಡಿದ್ದು 1982ರಲ್ಲಿ. ತಲೆ ಕಡಿಯುವಾಗ ಇನ್ನೊಬ್ಬ ಹೆಂಗಸಿನ ತಲೆಯೂ ಉರುಳಿ, ಜೋಡಿಸುವಾಗ ತಲೆ ಮೈ ಅದಲುಬದಲಾದವು ಎಂಬ ಕಥೆಯೂ ದಕ್ಷಿಣದ ಜನಪದದಲ್ಲಿದೆ, ಆ ಇನ್ನೊಬ್ಬಳು ಮಾತಂಗಿ ಎಂದು ಹೇಳುವ ಕಡೆಗಳಿವೆ. ಇಷ್ಟೆಲ್ಲ ಇರುವಾಗ ರೇಣುಕೆ ಮತ್ತು ಮಾತಂಗಿಯನ್ನು ಹೊಳೆದಂಡೆಯಲ್ಲಿ ಕೂರಿಸಿ "ನಾವಿಬ್ಬರೂ ಹೆಣ್ಣಲ್ಲವೆ ಅಕ್ಕಾ" ಎಂದು ಕೈ ಹಿಡಿಸಿಬಿಟ್ಟರೆ ದೊಡ್ಡ ಸುಳ್ಳಾಗುತ್ತದೆ. ಕಡಿದ ಕೊಡಲಿ ಒಂದೇ ಇರಬಹುದು. ಆದರೆ ಒಬ್ಬಳನ್ನು ಬದುಕಿಸಲಿಕ್ಕೆ ಮಗ ವರ ಕೇಳಿದ, ಇನ್ನೊಬ್ಬಳಿಗಾಗಿ ಯಾರು ಕೇಳಿದರು? ಜಾತಿಯನ್ನು ಬಿಟ್ಟು ಬರೆದ ಅಕ್ಕತಂಗಿತನ ಕೂಡ ಒಂದು ಅಳಿಸುವ ವರವೇ.

ಓಲ್ಗಾ ಅವರ ತೆಲುಗಿನ 'ವಿಮುಕ್ತ' ಸಂಕಲನ 2015ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಅದರಲ್ಲಿ ಸೀತೆ ಬೇರೆ ಬೇರೆ ಕಥೆಗಳಲ್ಲಿ ಶೂರ್ಪನಖಿ, ಅಹಲ್ಯೆ, ರೇಣುಕೆ, ಊರ್ಮಿಳೆಯರನ್ನು ಕಾಣುತ್ತಾಳೆ. ಆ ಭೇಟಿಗಳು ಕೂಡುವುದು, ಪ್ರತಿ ಹೆಂಗಸೂ ಸೀತೆಗೆ ಆ ಹೊತ್ತಿಗೆ ಒಪ್ಪಲಾಗದ ಒಂದು ತಿಳಿವನ್ನು ಕೊಟ್ಟು ಹೋಗುವುದರಿಂದ. ಅದನ್ನು ನೋಡಿ ಬರೆಯುವವರು ಭೇಟಿಯನ್ನಷ್ಟೇ ತೆಗೆದುಕೊಂಡು, ಎಲ್ಲರೂ ಎಲ್ಲದಕ್ಕೂ ತಲೆದೂಗುವ ಮಹಿಳಾ ಮಂಡಳಿ ಸಭೆ ಮಾಡುತ್ತಾರೆ. ಭೇಟಿಯ ಕಥೆಯಲ್ಲಿ ಇಬ್ಬರಲ್ಲಿ ಒಬ್ಬಳು ಎದ್ದು ಹೋಗುವಷ್ಟು ಭಿನ್ನಾಭಿಪ್ರಾಯ ಬೇಕು.

ರೇಣುಕೆಯ ಮರೆವಿನ ವರಕ್ಕೂ ಮಾಧವಿಗೆ ಕೇಳಿದ ಪ್ರಶ್ನೆಗಳನ್ನೇ ಕೇಳಬೇಕು. ಅವಳಿಗೆ ನೆನಪಿಲ್ಲ, ಸರಿ. ಮನೆಯಲ್ಲಿ ಉಳಿದವರಿಗೆ? ರುಮಣ್ವಂತ, ಸುಷೇಣ, ವಸು, ವಿಶ್ವಾವಸು ಎಂಬ ನಾಲ್ವರು ಮಕ್ಕಳು ಕಡಿಯಲೊಪ್ಪದೆ ಶಾಪ ತಿಂದು ಬುದ್ಧಿ ಕಳೆದುಕೊಂಡವರು. ತಾಯಿಯ ಪರ ನಿಂತವರು ಅವರು, ಆದರೆ ಅವರ ಹೆಸರು ಯಾರ ಬಾಯಲ್ಲೂ ಇಲ್ಲ. ಬುದ್ಧಿ ಮರಳಿ ಬಂದ ಮರುದಿನ ತಾಯಿ ಬಡಿಸಿದ ಅನ್ನವನ್ನು ಅವರು ಹೇಗೆ ಉಂಡಾರು? ಎಲ್ಲರಿಗೂ ಗೊತ್ತಿದ್ದು ಅವಳೊಬ್ಬಳಿಗೆ ಗೊತ್ತಿಲ್ಲದ ಮನೆ. ಇಡೀ ಕಥೆಯನ್ನು ಆ ಒಂದು ಊಟದ ಹೊತ್ತಿನೊಳಗೆ ಮುಗಿಸಬಹುದು, ಯಾರೂ ಏನನ್ನೂ ಹೇಳದೆ. ಮನೆಯೊಳಗಿನ ಹಿಂಸೆಯ ಬಗ್ಗೆ ಇದಕ್ಕಿಂತ ನೇರವಾದ ಕಥೆ ನನಗೆ ತೋಚುವುದಿಲ್ಲ.

ಮರೆವು ಗಂಡಿನ ಮೇಲೆ ಬಿದ್ದ ಉದಾಹರಣೆಯೂ ಇದೆ, ಅದರ ಲೆಕ್ಕ ಬೇರೆ. ಆದಿಪರ್ವದ ಶಕುಂತಲೆ ಗಾಂಧರ್ವ ವಿವಾಹಕ್ಕೆ 'ಹೂಂ' ಎನ್ನುವ ಮೊದಲೇ ಕರಾರು ಹಾಕುತ್ತಾಳೆ: ನನ್ನ ಮಗನೇ ಯುವರಾಜನಾಗಬೇಕು. ಮಗನನ್ನು ಕರೆದುಕೊಂಡು ಸಭೆಗೆ ಬಂದಾಗ ದುಷ್ಯಂತ ಎಲ್ಲ ನೆನಪಿದ್ದೂ ಇಲ್ಲವೆನ್ನುತ್ತಾನೆ. ಅವಳು ಬಿಡುವುದಿಲ್ಲ, ಸತ್ಯದ ಬಗ್ಗೆ, ಹೆಂಡತಿಯ ಬಗ್ಗೆ ದೀರ್ಘವಾಗಿ ವಾದ ಮಾಡುತ್ತಾಳೆ. ಅಶರೀರವಾಣಿ ಆದಮೇಲೆ ಅವನು ಒಪ್ಪಿಕೊಂಡು, ಜನ ಅನುಮಾನ ಪಟ್ಟಾರೆಂದು ಹಾಗೆ ಮಾಡಿದೆ ಎನ್ನುತ್ತಾನೆ. ಕಾಳಿದಾಸನಲ್ಲಿ ದೂರ್ವಾಸರ ಶಾಪ ಬಂತು, ಉಂಗುರ ಬಂತು, ಮೀನು ಬಂತು. ಸುಳ್ಳು ಹೇಳಿದವನು ಮರೆತವನಾದ. ತಪ್ಪು ಅತಿಥಿಯನ್ನು ಗಮನಿಸದ ಅವಳ ಪಾಲಿಗೆ ಬಂತು.

ಆದ್ದರಿಂದ ಬರೆಯುವ ಮೊದಲು ಮೂರು ಕಾಲಮ್ಮು ಹಾಕಿಕೊಳ್ಳಿ: ಹಳೆಯ ಪಠ್ಯ, ಆಮೇಲಿನ ಕಾವ್ಯ ನಾಟಕ, ನಿಮ್ಮ ಸೀಮೆಯ ಹಾಡು ಅಥವಾ ಯಕ್ಷಗಾನ ಪ್ರಸಂಗ. ಪ್ರತಿ ಸೇರ್ಪಡೆಯ ಎದುರಿಗೂ ಒಂದೇ ಪ್ರಶ್ನೆ ಬರೆಯಿರಿ: ಇದು ಯಾರ ಹೆಗಲ ಭಾರ ಇಳಿಸಿತು? ಶಾಪ ದುಷ್ಯಂತನ ಭಾರ ಇಳಿಸಿತು. ಕುವೆಂಪು 'ಶ್ರೀ ರಾಮಾಯಣ ದರ್ಶನಂ'ನಲ್ಲಿ ಸೀತೆಯ ಜೊತೆ ರಾಮನನ್ನೂ ಬೆಂಕಿಗಿಳಿಸಿದರು, ಆ ಸೇರ್ಪಡೆ ಭಾರವನ್ನು ಇಬ್ಬರಿಗೂ ಹಂಚಿತು. ತಮಿಳಿನ ಪುದುಮೈಪಿತ್ತನ್ ಅವರ 'ಶಾಪವಿಮೋಚನಂ' ಕಥೆಯಲ್ಲಿ, ರಾಮ ಸೀತೆಗೆ ಅಗ್ನಿಪರೀಕ್ಷೆ ಮಾಡಿದನೆಂದು ಕೇಳಿದ ಅಹಲ್ಯೆ ಮತ್ತೆ ಕಲ್ಲಾಗುತ್ತಾಳೆ. ಅವಳಿಗೆ ಬಿಡುಗಡೆ ಕೊಟ್ಟವನ ಹೆಗಲ ಮೇಲೇ ಭಾರ ಹಿಂದಿರುಗಿತು. ಕನ್ನಡದಲ್ಲಿ ವೈದೇಹಿಯವರ 'ಶಕುಂತಲೆಯೊಂದಿಗೆ ಕಳೆದ ಅಪರಾಹ್ನ' ಶಕುಂತಲೆಯನ್ನೇ ಎದುರಿಗೆ ಕೂರಿಸಿಕೊಂಡು ಮಾತಾಡಿಸುತ್ತದೆ. ಆ ಹೆಸರಿನಲ್ಲೇ ಇರುವ ಸಲಿಗೆಯನ್ನು ಗಮನಿಸಿ, ಸಿಂಹಾಸನವೂ ಇಲ್ಲ, ಸಭೆಯೂ ಇಲ್ಲ, ಮಧ್ಯಾಹ್ನ ಮನೆಗೆಲಸ ಮುಗಿದ ಮೇಲಿನ ಹೊತ್ತು.

ಸಂಸ್ಕೃತದ ಕಡೆ ಮಾತ್ರ ನೋಡುವ ಅಭ್ಯಾಸ ಬಿಟ್ಟರೆ ನಮ್ಮಲ್ಲೇ ಇನ್ನೂ ಗಟ್ಟಿ ವಸ್ತು ಇದೆ. ಮಲೆ ಮಾದೇಶ್ವರ ಕಾವ್ಯದ ಸಂಕಮ್ಮನ ಸಾಲನ್ನು ದೇವರಗುಡ್ಡರು ಕಂಸಾಳೆಯೊಂದಿಗೆ ಹಾಡುತ್ತಾರೆ. ಗಂಡ ನೀಲೇಗೌಡ ಜೇನು ಕೀಳಲು ಕಾಡಿಗೆ ಹೊರಟಿದ್ದಾನೆ, ತಾನಿಲ್ಲದಾಗ ತಪ್ಪಿ ನಡೆಯುವುದಿಲ್ಲ ಎಂದು ಹೆಂಡತಿ ಕೈಮುಟ್ಟಿ ಭಾಷೆ ಕೊಡಬೇಕು. ಸಂಕಮ್ಮ ಕೊಡುವುದಿಲ್ಲ. ಅವನು ಹಿಂಸೆ ಕೊಡುತ್ತಾನೆ, ಆಗಲೂ ಕೊಡುವುದಿಲ್ಲ. ಅವಳು ತಪ್ಪು ಮಾಡಿಲ್ಲ, ಮಾಡುವವಳೂ ಅಲ್ಲ. ಆದರೂ ಆಣೆ ಇಡಲಾರೆ ಎನ್ನುತ್ತಾಳೆ. ಆಮೇಲೆ ಮಾದಪ್ಪ ಬಂದು ಕಾಯುತ್ತಾನೆ. ಈ ಕಥೆ ಬರೆಯುವವರಿಗೆ ಕಷ್ಟ ಮಾದಪ್ಪನದೇ. ದೇವರು ಬಂದೊಡನೆ ಸಂಕಮ್ಮನ ಹಟ ಭಕ್ತಿಯಾಗಿ ಕರಗುವ ಅಪಾಯವಿದೆ. ದೇವರನ್ನು ತೆಗೆದುಹಾಕಿದರೆ ಹಾಡಿನ ಜನಕ್ಕೆ ದ್ರೋಹ, ಕಥೆಯೂ ಬಡವಾಗುತ್ತದೆ. ನನಗೆ ಸರಿ ಎನ್ನಿಸುವ ದಾರಿ, ಮಾದಪ್ಪ ಬರುವ ಮೊದಲೇ ಕಥೆಯ ಗಂಟು ಬಿಚ್ಚುವುದು. ಆಣೆ ಇಡದ ಆ ಗಳಿಗೆಯಲ್ಲೇ ಅವಳು ಗೆದ್ದಾಗಿದೆ, ಪವಾಡ ಅದಕ್ಕೆ ಸಾಕ್ಷಿಯಷ್ಟೇ.

ಎದುರಾಳಿಯನ್ನು ಬರೆಯುವುದಕ್ಕೆ ತಾಳಮದ್ದಳೆಯಷ್ಟು, ವೇಷ ಕುಣಿತವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಆ ಯಕ್ಷಗಾನ ಕೂಟದಷ್ಟು, ಒಳ್ಳೆಯ ಪಾಠಶಾಲೆ ಇಲ್ಲ. ಅಲ್ಲಿ ಅರ್ಥಧಾರಿ, ಅಂದರೆ ಪಾತ್ರದ ಮಾತಾಡುವವನು, ರಾವಣನಾಗಿ ಕೂತರೆ ರಾವಣನ ಪರ ಇರುವ ಕೊನೆಯ ಯುಕ್ತಿಯವರೆಗೂ ಹೋಗುತ್ತಾನೆ, ಎದುರಿನವರು ಸುಲಭಕ್ಕೆ ಉತ್ತರ ಕೊಡದಂತೆ. ಬಹುಕಾಲ ಗಂಡಸರೇ ಕೂತ ಕೂಟ ಅದು, ಸ್ತ್ರೀಪಾತ್ರದ ಅರ್ಥವನ್ನೂ ಅವರೇ ಹೇಳಿದರು. ಈಗ ಮಹಿಳೆಯರ ತಂಡಗಳೂ ಇವೆ. ನಿಮ್ಮ ಗಾಲವ, ಯಯಾತಿ, ಜಮದಗ್ನಿಗೆ ಒಂದೊಂದು ಪುಟ ಅರ್ಥ ಬರೆಯಿರಿ, ಕಥೆಯಲ್ಲಿ ಅದು ಬರದಿದ್ದರೂ ಪರವಾಗಿಲ್ಲ. ಗಾಲವ ಋಣ ತೀರಿಸದೆ ಸಾಯಲಾರದ ವಿದ್ಯಾರ್ಥಿ. ಯಯಾತಿ ಇಲ್ಲವೆನ್ನಲಾರದ ದಾನಿ. ಹರ್ಯಶ್ವ ಮಕ್ಕಳಿಲ್ಲದವನು. ಪ್ರತಿಯೊಬ್ಬನೂ ತನ್ನ ಧರ್ಮದ ಪ್ರಕಾರ ಸರಿ ಇದ್ದಾನೆ, ಒಬ್ಬ ಹೆಣ್ಣು ನಾಲ್ಕು ಮನೆಗಳಿಗೆ ಹಂಚಿಹೋಗಿದ್ದಾಳೆ. ಗಂಡಸರನ್ನು ದುಷ್ಟರನ್ನಾಗಿ ಬರೆದರೆ ಓದುಗರು ದುಷ್ಟನನ್ನು ದ್ವೇಷಿಸಿ ಮನೆಗೆ ಹೋಗುತ್ತಾರೆ. ಒಳ್ಳೆಯವರನ್ನಾಗಿ ಬರೆದರೆ ಧರ್ಮವನ್ನೇ ತಿರುಗಿಸಿ ನೋಡಬೇಕಾಗುತ್ತದೆ.

ಬರೆಯಲು ವಸ್ತು ಹುಡುಕುತ್ತಿರುವವರಿಗೆ ನಾನು ಕೊಡುವುದು ಸತ್ಯವತಿಯನ್ನು, ಆ 1000 ಕುದುರೆಗಳ ತೆರಕ್ಕೆ ಹೋದವಳನ್ನು. ವನಪರ್ವದಲ್ಲಿ ಮಾವ ಭೃಗು ವರ ಕೇಳು ಎಂದಾಗ ಅವಳು ತನಗೊಬ್ಬ ಮಗ, ತನ್ನ ತಾಯಿಗೊಬ್ಬ ಮಗ ಬೇಕೆನ್ನುತ್ತಾಳೆ. ಅವನು ಇಬ್ಬರಿಗೂ ಬೇರೆ ಬೇರೆ ಚರು, ಅಂದರೆ ಮಂತ್ರಿಸಿದ ಅನ್ನ, ಕೊಡುತ್ತಾನೆ. ತಾಯಿ ಅಪ್ಪಿಕೊಳ್ಳಬೇಕಾದದ್ದು ಅರಳಿ ಮರ, ಮಗಳು ಅಪ್ಪಿಕೊಳ್ಳಬೇಕಾದದ್ದು ಅತ್ತಿ ಮರ. ಚರುವೂ ಮರವೂ ಅದಲುಬದಲಾಗುತ್ತವೆ. ನಿನಗೆ ಹುಟ್ಟುವ ಬ್ರಾಹ್ಮಣ ಕ್ಷತ್ರಿಯನಂತೆ ನಡೆಯುತ್ತಾನೆ ಎಂದು ಭೃಗು ಹೇಳಿದಾಗ ಸತ್ಯವತಿ ಬೇಡಿಕೊಳ್ಳುತ್ತಾಳೆ: ನನ್ನ ಮಗ ಹಾಗಾಗುವುದು ಬೇಡ, ಬೇಕಾದರೆ ಮೊಮ್ಮಗ ಆಗಲಿ. ಭೃಗು ಒಪ್ಪುತ್ತಾನೆ. ಮಗ ಜಮದಗ್ನಿ. ಮೊಮ್ಮಗ ಪರಶುರಾಮ, ಅವನ ಕೊಡಲಿ ಮೊದಲು ಬಿದ್ದದ್ದು ಸತ್ಯವತಿಯ ಸೊಸೆಯ ಕೊರಳಿಗೆ.

ಇದನ್ನು ಬರೆಯುವಾಗ ಎರಡು ವಿಷಯ ಗಮನದಲ್ಲಿರಲಿ. ಅದಲುಬದಲನ್ನು ತಾಯಿಯ ದುರಾಸೆ ಎಂದು ಬರೆದರೆ ಅತ್ತೆ ಸೊಸೆ ತಾಯಿ ಮಗಳ ಜಗಳದ ಹಳೆಯ ಹಾದಿಗೆ ಬೀಳುತ್ತೀರಿ. ಗಂಡುಮಗನಿಲ್ಲದ ಅರಮನೆಯಲ್ಲಿ ಆ ತಾಯಿಯ ಸ್ಥಿತಿ ಏನಿತ್ತು ಎನ್ನುವುದರಿಂದ ಹೊರಡಿ. ಇನ್ನೊಂದು, ಸತ್ಯವತಿಯನ್ನು ರೇಣುಕೆಯ ಸಾವಿನವರೆಗೂ ಬದುಕಿಸಿಡಬೇಕೋ ಬೇಡವೋ ಎನ್ನುವುದನ್ನು ಮೊದಲ ಸಾಲಿಗೆ ಮುಂಚೆಯೇ ತೀರ್ಮಾನಿಸಿ. ಬದುಕಿಸಿಟ್ಟರೆ, ಆ ಆಶ್ರಮದಲ್ಲಿ ಏನೂ ನೆನಪಿಲ್ಲದ ಸೊಸೆಯ ಎದುರಿಗೆ, ಎಲ್ಲವನ್ನೂ ನೆನಪಿಟ್ಟುಕೊಂಡಿರುವ ಅತ್ತೆ ಕೂತಿರುತ್ತಾಳೆ. ತಾನು ಮುಂದೂಡಿದ್ದು ಏನನ್ನು ಎಂದು ಅವಳಿಗೆ ಈಗ ತಿಳಿದಿದೆ. ಸೊಸೆಗೆ ಹೇಳಿದರೆ ಮೊಮ್ಮಗ ಕೇಳಿಕೊಂಡ ವರ ಮುರಿಯುತ್ತದೆ, ಹೇಳದಿದ್ದರೆ ಅವಳೂ ಅಳಿಸಿದವರ ಸಾಲಿಗೆ ಸೇರುತ್ತಾಳೆ. ನಾನಾದರೆ ಹೇಳಿಸುತ್ತೇನೆ, ಮತ್ತು ರೇಣುಕೆ ಅದನ್ನು ಕೇಳಿದ ಮೇಲೆ ಮೊದಲು ಮಾತಾಡುವುದು ಪರಶುರಾಮನೊಂದಿಗೋ, ಶಾಪ ತಿಂದ ಆ ನಾಲ್ವರೊಂದಿಗೋ ಎನ್ನುವುದರಿಂದ ಎರಡನೆಯ ಭಾಗ ಶುರುಮಾಡುತ್ತೇನೆ.